ಜಪಾನಿನ ಕೋಬೆ ನಗರದ ಊಟಕ್ಕೆ ಹೆಸರು ಕೊಟ್ಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ತೆಪ್ಪಾನ್‌ಯಾಕಿ (ಬಿಸಿ ಕಬ್ಬಿಣದ ಕಾವಲಿಯ ಮೇಲೆ ಬೇಯಿಸಿ ಬಡಿಸುವ) ಊಟಕ್ಕೆ ಹಣ ಕಳುಹಿಸುವ ಮುನ್ನ ಇದನ್ನು ಪೂರ್ತಿ ಓದಿ.

ಮಧ್ಯಾಹ್ನದ ಊಟವನ್ನೇ ಆರಿಸಿದ್ದೇವೆ. ಕಾವಲಿ ಅದೇ, ಬಾಣಸಿಗರೂ ಎದುರಿಗೇ ನಿಂತು ಬೇಯಿಸುತ್ತಾರೆ. ರಾತ್ರಿಯ ದರ ಮಾತ್ರ ಎದೆ ನಡುಗಿಸುವಂತಿದೆ. ಈ ಪದ್ಧತಿ ಶುರುವಾದದ್ದು ಕೋಬೆಯಲ್ಲೇ, 1945ರಲ್ಲಿ ಮಿಸೊನೊ ಎಂಬ ಹೋಟೆಲಿನಲ್ಲಿ ಎನ್ನುತ್ತಾರೆ.

ಮುಖ್ಯ ವಿಷಯ ಆಹಾರದ್ದು. ಕೋಬೆ ಬೀಫ್ ಎಂದರೆ ಹ್ಯೋಗೊ ಪ್ರಾಂತ್ಯದ ತಾಜಿಮಾ ತಳಿಯ ದನದ ಮಾಂಸ. ಮೆನುವಿನಲ್ಲಿ ‘ವಾಗ್ಯು’ (ಜಪಾನಿ ತಳಿಯ ದನ) ಎಂದಿದ್ದರೂ ದನದ ಮಾಂಸವೇ, ಆದರೆ ಎಲ್ಲ ವಾಗ್ಯುವೂ ಕೋಬೆಯದಲ್ಲ. ದನದ ಮಾಂಸ ತಿನ್ನದವರು ಈಗಲೇ ತಿಳಿಸಿದರೆ ಸೀಗಡಿ, ಮೀನು ಸಿಗುತ್ತದೆಯೇ ಎಂದು ಕೇಳುತ್ತೇನೆ. ಅಲ್ಲಿಗೆ ಹೋಗಿ ಕುಳಿತ ಮೇಲೆ ಬದಲಿ ಕೇಳಬೇಡಿ. ಅಪ್ಪಟ ಸಸ್ಯಾಹಾರಿಗಳಿಗೆ ನನ್ನ ಸಲಹೆ: ಈ ಊಟ ಬಿಟ್ಟುಬಿಡಿ. ತರಕಾರಿಯೂ ಅದೇ ಕಾವಲಿಯ ಮೇಲೆ, ಕೊಬ್ಬಿನಲ್ಲೇ ಹುರಿಯುವುದುಂಟು. ಮಿಸೊ (ಹುದುಗಿಸಿದ ಸೋಯಾ ಹಿಟ್ಟಿನ) ಸೂಪಿಗೂ ಸಾಮಾನ್ಯವಾಗಿ ಒಣಮೀನಿನ ಸಾರವೇ ಆಧಾರ. ಅಷ್ಟು ಯೆನ್ ಸುರಿದು ಅನ್ನ, ಉಪ್ಪಿನಕಾಯಿ ತಿನ್ನುವುದೇಕೆ?

ಬೆಲೆಯ ಮೇಲೆ ಸೇವಾ ಶುಲ್ಕ, ಶೇ 10ರ ತೆರಿಗೆ ಪ್ರತ್ಯೇಕವಾಗಿ ಸೇರಬಹುದು. ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ. ಗಾಢ ಸುಗಂಧ ಹಚ್ಚಿಕೊಂಡು ಬರಬೇಡಿ, ಹೊತ್ತಿಗೆ ಸರಿಯಾಗಿ ಬನ್ನಿ. ತುಂಡುಗಳನ್ನು ತಟ್ಟೆಗೆ ಹಾಕಿದ ಕೂಡಲೇ ತಿನ್ನಿ. ಫೋಟೊ ತೆಗೆಯುತ್ತಾ ಕುಳಿತರೆ ಕೊಬ್ಬು ಆರಿಹೋಗುತ್ತದೆ. ಮೊದಲು ಬರೀ ಉಪ್ಪಿನೊಂದಿಗೆ ರುಚಿ ನೋಡಿ, ಸಾಸ್ ಆಮೇಲೆ. ಕೊನೆಯಲ್ಲಿ ಬರುವ ಬೆಳ್ಳುಳ್ಳಿ ಅನ್ನಕ್ಕೆ ಹೊಟ್ಟೆಯಲ್ಲಿ ಜಾಗವಿರಲಿ.

ಕೊನೆ ಗಳಿಗೆಯಲ್ಲಿ ರದ್ದು ಮಾಡಿದವರ ಪಾಲಿನ ಹಣ ವಾಪಸ್ ಬರುವುದಿಲ್ಲ. ಗುರುವಾರ ರಾತ್ರಿಯೊಳಗೆ ಹೆಸರಿನ ಜೊತೆ ಏನು ತಿನ್ನುವುದಿಲ್ಲ ಎಂಬುದನ್ನೂ ಇಲ್ಲೇ ಬರೆಯಿರಿ.