ಟ್ರಾನ್ಸ್‌ಪ್ಲಾಂಟ್ ಪೇಶಂಟಿಗೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ಪೇಪರ್‌ಗಳ ಆರೋಗ್ಯ ಪುಟದಲ್ಲಿ ಆ್ಯಂಟಿಆಕ್ಸಿಡೆಂಟ್ ಬಗ್ಗೆ ಬರೋದೆಲ್ಲ ಹೆಚ್ಚುಕಮ್ಮಿ ಒಂದೇ ಧಾಟೀಲಿರತ್ತೆ, ಫ್ರೀ ರ‍್ಯಾಡಿಕಲ್ (ಜೀವಕೋಶಕ್ಕೆ ಪೆಟ್ಟು ಕೊಡೋ ಚುರುಕಿನ ಅಣು) ಕೆಟ್ಟದ್ದು, ಅದನ್ನ ತಡೆಯೋ ವಿಟಮಿನ್ ಸಿ, ಇ ಒಳ್ಳೇದು, ಹೆಚ್ಚು ತಗೊಂಡಷ್ಟೂ ಲಾಭ ಅಂತ. ಆರೋಗ್ಯವಾಗಿರೋರು ಓದಿ ಮರೆತುಬಿಡ್ತಾರೆ. ಆದ್ರೆ ಮನೇಲಿ ಬೋನ್ ಮ್ಯಾರೋ (ಮೂಳೆಯೊಳಗೆ ರಕ್ತಕಣ ತಯಾರಿಸೋ ಮಜ್ಜೆ) ಟ್ರಾನ್ಸ್‌ಪ್ಲಾಂಟ್ ಪೇಶಂಟ್ ಇದ್ದಾಗ ಆ ಕಟಿಂಗ್ ಹಿಡ್ಕೊಂಡು ಮೆಡಿಕಲ್ ಸ್ಟೋರಿಗೆ ಹೋಗೋರು ಇದಾರೆ, ನನ್ನ ತಂಗಿಗೆ ಟ್ರಾನ್ಸ್‌ಪ್ಲಾಂಟ್ ಆದಾಗ ನಮ್ಮ ನೆಂಟರೂ ಪ್ರೀತಿಯಿಂದ ಡಬ್ಬಗಟ್ಟಲೆ ತಂದಿದ್ರು. ಅದಕ್ಕೇ ಈ ಪತ್ರ ಬರೀತಿದೀನಿ.

ಈ ಪೇಶಂಟ್‌ಗಳಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್, ಅಂದ್ರೆ ದೇಹ ತಡ್ಕೊಳ್ಳೋದಕ್ಕಿಂತ ಹೆಚ್ಚು ಫ್ರೀ ರ‍್ಯಾಡಿಕಲ್ ಹುಟ್ಟೋದು, ಸುಳ್ಳಲ್ಲ, ತುಂಬಾನೇ ಇರತ್ತೆ. ಹೊಸ ಸ್ಟೆಮ್ ಸೆಲ್ (ರಕ್ತಕಣ ಹುಟ್ಟಿಸೋ ಮೂಲಕೋಶ) ಕೊಡೋ ಮುಂಚೆ ಹಳೇ ಮಜ್ಜೆ ಖಾಲಿ ಮಾಡೋಕೆ ಕಂಡಿಷನಿಂಗ್ ಅಂತ ಮಾಡ್ತಾರಲ್ಲ, ಬುಸಲ್ಫಾನ್, ಸೈಕ್ಲೋಫಾಸ್ಫಮೈಡ್, ಮೆಲ್ಫಲಾನ್ ಥರದ ಕೀಮೋ ದೊಡ್ಡ ಡೋಸಲ್ಲಿ, ಕೆಲವರಿಗೆ ಇಡೀ ಮೈಗೆ ರೇಡಿಯೇಷನ್ ಬೇರೆ. ರೇಡಿಯೇಷನ್ ಜೀವಕೋಶದೊಳಗಿನ ನೀರಿನ ಅಣುವನ್ನೇ ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸತ್ತೆ, ಅದು ಹತ್ರ ಸಿಕ್ಕಿದ ಡಿಎನ್‌ಎ, ಕೊಬ್ಬು, ಪ್ರೋಟೀನ್ ಎಲ್ಲದಕ್ಕೂ ಪೆಟ್ಟು ಕೊಡತ್ತೆ, ಬಾಯಿಂದ ಕರುಳಿನ ತನಕ ಹುಣ್ಣಾಗೋದು ಶುರುವಾಗೋದೇ ಇಲ್ಲಿಂದ. ಬುಸಲ್ಫಾನ್ ಹೊರಗೆ ಹಾಕೋಕೆ ಲಿವರ್‌ಗೆ ಗ್ಲುಟಾಥಯೋನ್ ಬೇಕು, ಅದು ನಮ್ಮ ದೇಹ ತಾನೇ ತಯಾರಿಸ್ಕೊಳ್ಳೋ ಮುಖ್ಯವಾದ ಆ್ಯಂಟಿಆಕ್ಸಿಡೆಂಟ್. ಅದು ಖಾಲಿಯಾಗ್ತಾ ಬಂದ್ರೆ ಲಿವರಿನ ಸಣ್ಣ ರಕ್ತನಾಳಗಳ ಒಳಪದರ ಕೆಟ್ಟು ವಿಒಡಿ ಅನ್ನೋ ಅಪಾಯದ ಕಾಯಿಲೆ ಬರಬಹುದು. ಬುಸಲ್ಫಾನ್‌ಗೆ 72 ಗಂಟೆ ಮುಂಚಿಂದಾನೇ ಪ್ಯಾರಾಸಿಟಮಾಲ್ ಬೇಡ ಅನ್ನೋದೂ ಇದಕ್ಕೇ, ಅದೂ ಇದೇ ಗ್ಲುಟಾಥಯೋನನ್ನೇ ಖರ್ಚು ಮಾಡತ್ತೆ. ಜ್ವರ ಬಂದ್ರೆ ಯಾರನ್ನೂ ಕೇಳದೆ ನುಂಗೋ ಮಾತ್ರೆ ನೋಡಿ ಅದು!

ಹಾಗಾದ್ರೆ ಕಮ್ಮಿಯಾಗಿದ್ದನ್ನ ಮಾತ್ರೆ ಕೊಟ್ಟು ತುಂಬಿಸಿದ್ರಾಯ್ತಲ್ಲ ಅಂತ ಅನ್ಸತ್ತೆ. ಅಷ್ಟು ಸುಲಭ ಇಲ್ಲ, ಯಾಕಂದ್ರೆ ನಡುವೆ ಕಬ್ಬಿಣ ಇದೆ. ಲ್ಯುಕೇಮಿಯಾ (ಬ್ಲಡ್ ಕ್ಯಾನ್ಸರ್) ಇರ್ಲಿ, ತಲಸ್ಸೇಮಿಯಾ (ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಇರ್ಲಿ, ಟ್ರಾನ್ಸ್‌ಪ್ಲಾಂಟಿಗೆ ಬರೋ ಹೊತ್ತಿಗೆ ಎಷ್ಟೋ ಜನ ಬಾಟಲಿಗಟ್ಟಲೆ ರಕ್ತ ಹಾಕಿಸ್ಕೊಂಡಿರ್ತಾರೆ. ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ, ದೇಹ ದಿನಕ್ಕೆ ಹೊರಹಾಕೋದು 1-2 ಮಿಲಿಗ್ರಾಂ ಅಷ್ಟೇ, ಉಳಿದಿದ್ದು ಲಿವರಲ್ಲಿ, ಹಾರ್ಟಲ್ಲಿ ಸೇರ್ಕೊಳ್ತಾ ಹೋಗತ್ತೆ. ಕಂಡಿಷನಿಂಗ್ ಆದ್ಮೇಲೆ ಮಜ್ಜೆ ಕೆಂಪು ರಕ್ತಕಣ ಮಾಡೋದೇ ನಿಲ್ಲಿಸಿರೋದ್ರಿಂದ ಆ ಕಬ್ಬಿಣ ಬಳಸೋರೇ ಇಲ್ಲ, ಅದನ್ನ ಹೊತ್ಕೊಂಡು ಓಡಾಡೋ ಟ್ರಾನ್ಸ್‌ಫೆರಿನ್ ತುಂಬಿಹೋಗಿ ರಕ್ತದಲ್ಲಿ ಬಿಡಿ ಕಬ್ಬಿಣ ಕಾಣಿಸ್ಕೊಳ್ಳತ್ತೆ. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದ್ರೆ ಅದೂ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲೇ ಹುಟ್ಟಿಸೋದು. ವಿಟಮಿನ್ ಸಿ ಏನ್ಮಾಡತ್ತೆ ಅಂದ್ರೆ ಶೇಖರವಾಗಿರೋ ಕಬ್ಬಿಣವನ್ನ ಹೊರಗೆಳೆದು ಈ ಕ್ರಿಯೆ ಜೋರಾಗಿ ನಡೆಯೋ ರೂಪದಲ್ಲೇ ಇಡತ್ತೆ. ಸ್ಟ್ರೆಸ್ ಇಳಿಸ್ಲಿ ಅಂತ ಕೊಟ್ಟ ದೊಡ್ಡ ಡೋಸಿನ ಮಾತ್ರೆ ಅದನ್ನ ಏರಿಸೋ ಸಾಧ್ಯತೆ ಇದೆ, ಹಾರ್ಟಿಗೂ ಒಳ್ಳೇದಲ್ಲ. ಇದನ್ನ ಯಾವ ಆರೋಗ್ಯ ಅಂಕಣದಲ್ಲೂ ನಾನು ಓದಿಲ್ಲ.

ಇನ್ನೊಂದು, ರೇಡಿಯೇಷನ್ ಮತ್ತು ಕೆಲವು ಕೀಮೋ ಔಷಧಿಗಳು ಕ್ಯಾನ್ಸರ್ ಕೋಶ ಕೊಲ್ಲೋದೇ ಸ್ವಲ್ಪ ಮಟ್ಟಿಗೆ ಈ ರ‍್ಯಾಡಿಕಲ್‌ಗಳ ಮೂಲಕ, ಅದೇ ಹೊತ್ತಿಗೆ ಆ್ಯಂಟಿಆಕ್ಸಿಡೆಂಟ್ ಸುರಿದ್ರೆ ಉಳ್ಕೋಬಾರದ ಕೋಶ ಉಳ್ಕೊಂಡ್ರೆ ಅನ್ನೋ ಭಯ ಡಾಕ್ಟರ್‌ಗಳಿಗಿದೆ. ಹೊಸ ಮಜ್ಜೆಯಿಂದ ಬರೋ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣವೂ ಬ್ಯಾಕ್ಟೀರಿಯಾ ಕೊಲ್ಲೋಕೆ ಇಂಥ ಆಕ್ಸಿಡೆಂಟ್‌ಗಳನ್ನೇ ತಯಾರಿಸೋದು, ಅದನ್ನ ತಯಾರಿಸೋಕಾಗದ ಹುಟ್ಟುಕಾಯಿಲೆಯ ಮಕ್ಕಳಿಗೆ ಚಿಕಿತ್ಸೆ ಕೂಡ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟೇ. ಮಾತ್ರೆ ರೂಪದಲ್ಲಿ ಕೊಟ್ರೆ ಹಾನಿ ಏನೂ ಇಲ್ಲ ಅನ್ನೋ ನಂಬಿಕೆ ಅಂತೂ 1994ರಲ್ಲೇ ಅಲುಗಾಡಿತ್ತು, ಫಿನ್ಲೆಂಡಿನಲ್ಲಿ ಸಿಗರೇಟ್ ಸೇದೋ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಟ್ರಯಲ್‌ನಲ್ಲಿ ಬೀಟಾ ಕ್ಯಾರೋಟಿನ್ ತಗೊಂಡೋರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಕಂಡಿತ್ತು.

ಹಾಗಂತ ಏನೂ ಮಾಡೋಕಾಗಲ್ಲ ಅಂತಲ್ಲ. ಸೈಕ್ಲೋಫಾಸ್ಫಮೈಡ್‌ನಿಂದ ಹುಟ್ಟೋ ಅಕ್ರೋಲಿನ್ ಮೂತ್ರಕೋಶ ಸುಡದೇ ಇರ್ಲಿ ಅಂತ ಮೆಸ್ನಾ ಕೊಡ್ತಾರೆ, ಮೆಲ್ಫಲಾನ್ ಹಾಕುವಾಗ ಬಾಯಲ್ಲಿ ಐಸ್ ಇಟ್ಕೊಳ್ಳೋದ್ರಿಂದ ಹುಣ್ಣು ಕಮ್ಮಿಯಾಗತ್ತೆ, ಕಬ್ಬಿಣ ಜಾಸ್ತಿ ಇದ್ರೆ ಅದನ್ನ ಇಳಿಸೋ ಔಷಧಿ ಇದೆ. ಇದೆಲ್ಲ ಡಾಕ್ಟರ್ ರಿಪೋರ್ಟ್ ನೋಡಿ, ಟೈಮ್ ನೋಡಿ ಕೊಡೋದು. ಮನೆಯವರು ಮಾಡಬೇಕಾಗಿರೋದು ಇಷ್ಟೇ, ವಿಟಮಿನ್, ಕಷಾಯದ ಪುಡಿ, ಗಿಡಮೂಲಿಕೆ ಕ್ಯಾಪ್ಸೂಲ್ ಏನೇ ಇರ್ಲಿ ಡಬ್ಬ ಸಮೇತ ತಗೊಂಡೋಗಿ ಟ್ರಾನ್ಸ್‌ಪ್ಲಾಂಟ್ ಟೀಮಿಗೆ ತೋರಿಸಿ ಕೇಳಬೇಕು, ಬೈತಾರೆ ಅಂತ ಮುಚ್ಚಿಡಬಾರದು.

ನಿಮ್ಮ ಹತ್ರ ಒಂದೇ ಕೋರಿಕೆ. ಮುಂದಿನ ಸಲ ಆ್ಯಂಟಿಆಕ್ಸಿಡೆಂಟ್ ಲೇಖನ ಹಾಕುವಾಗ ಕೀಮೋ, ರೇಡಿಯೇಷನ್, ಟ್ರಾನ್ಸ್‌ಪ್ಲಾಂಟ್ ಆಗ್ತಿರೋರಿಗೆ ಇದು ಅನ್ವಯಿಸಲ್ಲ ಅಂತ ಎದ್ದು ಕಾಣೋ ಹಾಗೆ ಒಂದು ಬಾಕ್ಸ್ ಹಾಕಿ. ಹೆಮಟಾಲಜಿ (ರಕ್ತದ ಕಾಯಿಲೆಗಳ) ಡಾಕ್ಟರ್ ಒಬ್ಬರ ಕೈಲಿ ಬರೆಸಿದ್ರೆ ಇನ್ನೂ ಒಳ್ಳೇದು, ಫೆರಿಟಿನ್ (ದೇಹದಲ್ಲಿ ಶೇಖರವಾಗಿರೋ ಕಬ್ಬಿಣದ ಅಂದಾಜು ಕೊಡೋ ರಕ್ತಪರೀಕ್ಷೆ) ರಿಪೋರ್ಟ್ ಹೇಗೆ ಓದೋದು ಅನ್ನೋದನ್ನೂ ಅದರಲ್ಲಿ ಸೇರಿಸಿ, ಇನ್ಫೆಕ್ಷನ್ ಇದ್ರೂ ಆ ನಂಬರ್ ಏರತ್ತೆ, ಗೊತ್ತಿಲ್ದೆ ಮನೆಯವರು ಗಾಬರಿ ಬೀಳ್ತಾರೆ.

ಇಂತಿ,
ನಿಮ್ಮ ಓದುಗ