ಸುಣ್ಣದಂಶ ಹೆಚ್ಚಿದರೆ ರೋಗ ಬಾರದೇ?

ಮಾನ್ಯರೆ,

ಗಿಡಕ್ಕೆ ಕ್ಯಾಲ್ಸಿಯಂ ಕೊಟ್ಟಷ್ಟೂ ರೋಗನಿರೋಧಕ ಶಕ್ತಿ ಏರುತ್ತದೆ ಎಂಬರ್ಥದಲ್ಲಿ ನಿಮ್ಮ ಕೃಷಿ ಪುಟದ ಲೇಖನವಿದೆ. ಅರ್ಧ ನಿಜ. ಕೋಶಭಿತ್ತಿಯ ಪೆಕ್ಟಿನ್ ಎಳೆಗಳನ್ನು ಬಿಗಿಯುವುದು ಕ್ಯಾಲ್ಸಿಯಮ್ಮೇ. ಅದು ಕಡಿಮೆಯಾದರೆ ಭಿತ್ತಿ ಸಡಿಲಾಗಿ, ಕೊಳೆಸುವ ಸೂಕ್ಷ್ಮಜೀವಿಗಳ ಕಿಣ್ವಗಳಿಗೆ ದಾರಿ ಸಲೀಸು. ಆದರೆ ಲೇಖನ ಹೇಳುವ 'ಕ್ಯಾಲ್ಸಿಯಂ ಸಂಕೇತ'ದ, ಅಂದರೆ ಕೋಶದೊಳಗೆ ಕ್ಯಾಲ್ಸಿಯಂ ಮಟ್ಟ ಏರಿಳಿದು ರೋಗಾಣುವಿನ ಸುದ್ದಿ ಮುಟ್ಟಿಸುವುದರ, ಲೆಕ್ಕವೇ ಬೇರೆ.

ಕೋಶರಸದಲ್ಲಿ ಮುಕ್ತ ಕ್ಯಾಲ್ಸಿಯಂ ಇರುವುದು ಸುಮಾರು 100 ನ್ಯಾನೊಮೋಲಾರ್, ಅಂದರೆ ಅತ್ಯಲ್ಪ. ಕೋಶದ ಹೊರಗೆ ಮತ್ತು ರಸದಾನಿಯೊಳಗೆ (ಕೋಶದೊಳಗಿನ ಸಂಗ್ರಹ ಚೀಲ) ಅದರ ಸಾವಿರಾರು ಪಟ್ಟು. ಅಷ್ಟೂ ಒಳನುಗ್ಗಿದರೆ ಫಾಸ್ಫೇಟ್ ಜೊತೆ ಸೇರಿ ಗಟ್ಟಿ ಕೂರುತ್ತದೆ. ಅದಕ್ಕೇ ಪೊರೆಯ ಪಂಪುಗಳು ಎಟಿಪಿ ಎಂಬ ಕೋಶದ ಇಂಧನ ಸುಟ್ಟು ಹಗಲಿರುಳು ಹೊರದೂಡುತ್ತಿರುತ್ತವೆ. ಬ್ಯಾಕ್ಟೀರಿಯಾದ ಕಶಾಂಗದ (ಈಜಲು ಬಳಸುವ ಬಾಲ) 22 ಅಮೈನೊ ಆಮ್ಲಗಳ ತುಣುಕೊಂದು ಗಿಡದ ಕೋಶಪೊರೆಯ ಮೇಲಿನ ಎಫ್‌ಎಲ್‌ಎಸ್2 ಗ್ರಾಹಕಕ್ಕೆ ತಾಗಿತೆನ್ನಿ. ಬಿಎಕೆ1 ಎಂಬ ಇನ್ನೊಂದು ಪ್ರೋಟೀನ್ ಅದರ ಜೊತೆಗೂಡುತ್ತದೆ, ಬಿಐಕೆ1 ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಎಚ್ಚೆತ್ತು ಪೊರೆಯ ಕ್ಯಾಲ್ಸಿಯಂ ವಾಹಿನಿಗಳಿಗೆ ಫಾಸ್ಫೇಟ್ ಅಂಟಿಸಿ ಬಾಗಿಲು ತೆರೆಸುತ್ತದೆ. ಕೆಲವೇ ನಿಮಿಷಗಳಲ್ಲಿ ಮಟ್ಟ ಏರಿ ಇಳಿಯುತ್ತದೆ. ಆ ಏರಿಳಿತವನ್ನು ಓದುವ ಕೈನೇಸ್‌ಗಳು ಆರ್‌ಬಿಒಎಚ್‌ಡಿ ಕಿಣ್ವವನ್ನು ಚುರುಕುಗೊಳಿಸಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ, ಪತ್ರರಂಧ್ರಗಳೂ ಮುಚ್ಚಿಕೊಳ್ಳುತ್ತವೆ.

ಇಳಿಯದೇ ಉಳಿದರೆ? ರೋಗಾಣು ಒಳಗೆ ತೂರಿಸಿದ ಪ್ರೋಟೀನಿನ ಕುತಂತ್ರ ಕೋಶದೊಳಗೇ ಸಿಕ್ಕಿಬಿದ್ದಾಗ ಝಡ್‌ಎಆರ್1 ಎಂಬ ಕಾವಲು ಪ್ರೋಟೀನಿನ ಐದು ಪ್ರತಿಗಳು ಚಕ್ರದಂತೆ ಜೋಡಿಸಿಕೊಂಡು ತಾವೇ ಪೊರೆಯಲ್ಲಿ ಕ್ಯಾಲ್ಸಿಯಂ ರಂಧ್ರವಾಗುತ್ತವೆ. ಒಳಹರಿವು ನಿಲ್ಲುವುದಿಲ್ಲ, ಆ ಕೋಶ ಸಾಯುತ್ತದೆ, ರೋಗಾಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದಷ್ಟೂ ಒಳ್ಳೆಯದು ಎನ್ನುವ ಮಾತು ಇಲ್ಲಿಗೇ ಮುಗಿಯಿತು.

ಲೇಖನದ ಜೊತೆಗಿನ ಹೊಳೆಯುವ ಎಲೆಯ ಚಿತ್ರದ ಬಗ್ಗೆಯೂ ಒಂದು ಮಾತು. ಎಲೆಯನ್ನು ಮುಟ್ಟಿದರೂ, ಕತ್ತರಿಸಿದರೂ ಕ್ಯಾಲ್ಸಿಯಂ ಜಿಗಿಯುತ್ತದೆ. ಅದಕ್ಕೇ ಈಕ್ವೊರಿನ್ (ಕ್ಯಾಲ್ಸಿಯಂ ತಾಗಿದರೆ ಬೆಳಕು ಸೂಸುವ ಪ್ರೋಟೀನ್) ಪ್ರಯೋಗದಲ್ಲಿ ಎಲೆಬಿಲ್ಲೆಗಳನ್ನು ಆ ಬೆಳಕಿಗೆ ಬೇಕಾದ ಸೀಲೆಂಟರಜೀನ್ ದ್ರಾವಣದಲ್ಲಿ ರಾತ್ರಿಯಿಡೀ ಕತ್ತಲಲ್ಲಿ ತೇಲಿಬಿಡುತ್ತಾರೆ. ಮರುದಿನ ಕಶಾಂಗದ ತುಣುಕು ಹಾಕಿದ ಬಿಲ್ಲೆಯ ಪಕ್ಕದಲ್ಲೇ ಬರೀ ನೀರು ಹಾಕಿದ ಬಿಲ್ಲೆಯೂ ಬೇಕು, ಹನಿ ಬಿದ್ದ ಪೆಟ್ಟಿಗೇ ಸಣ್ಣ ಏರಿಕೆ ಕಾಣುವುದುಂಟು. ಕೊನೆಗೆ 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡನ್ನು ಶೇ 10ರ ಎಥನಾಲ್‌ನಲ್ಲಿ ಬೆರೆಸಿ ಸುರಿದು, ಉಳಿದ ಬೆಳಕನ್ನೆಲ್ಲ ಹೊರತೆಗೆದು ಅಳೆಯಬೇಕು. ಇಲ್ಲವಾದರೆ ಒಂದು ಬಿಲ್ಲೆಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ಪಕ್ಕದಲ್ಲಿ ನೀರಿನ ಬಿಲ್ಲೆ ಇಲ್ಲದ ಚಿತ್ರದಿಂದ ಏನೂ ಸಾಬೀತಾಗದು.

ಭಿತ್ತಿ ಗಟ್ಟಿಯಾಗಲೆಂದು ಸಿಂಪಡಿಸುವವರು ಮರೆಯಬಾರದ್ದು: ಕ್ಯಾಲ್ಸಿಯಂ ನೀರಿನ ನಾಳದಲ್ಲಿ ಮೇಲೇರುತ್ತದೆ, ಎಲೆಯಿಂದ ಕಾಯಿಗೆ ಬಹುತೇಕ ಹರಿಯುವುದಿಲ್ಲ. ಕಾಯಿ ಕಾಪಾಡಬೇಕಿದ್ದರೆ ದ್ರಾವಣ ಕಾಯಿಗೇ ತಾಗಬೇಕು.

– ಸಸ್ಯರೋಗಶಾಸ್ತ್ರದ ಅಧ್ಯಾಪಕರು