ಕಾಯಿಲ್ ಸುತ್ತಿಕೊಟ್ಟ ಅಣ್ಣನಿಗೂ, ಉಳಿದ ಎಲ್ಲರಿಗೂ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿ, ಮೆಸೇಜ್ ಹಾಕಿ ಹರಸಿದ ಎಲ್ಲರಿಗೂ ಮೊದಲು ನಮಸ್ಕಾರ. ಪ್ರಬಂಧದಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇದ್ದೇ ಇದೆ. ಆದರೆ ಅದು ಇಂಗ್ಲಿಷಿನಲ್ಲಿದೆ. ಅದನ್ನು ಓದಬೇಕಾದವರಲ್ಲಿ ಅರ್ಧ ಜನರ ಕೈಗೆ ಆ ಪುಸ್ತಕ ಹೋಗುವುದೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಿದರೆ ಸಂಕೋಚ ಪಡುವವರೇ ಇವರಲ್ಲಿ ಜಾಸ್ತಿ, ಹಾಗಾಗಿ ಹೆಸರು ಬಿಟ್ಟಿದ್ದೇನೆ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

‘ಅಷ್ಟು ವರ್ಷ ಅಲ್ಲಿ ಏನು ಮಾಡ್ತಿದ್ದೆ?’ ಅಂತ ಊರಲ್ಲಿ ತುಂಬಾ ಜನ ಕೇಳಿದ್ದೀರಿ. ಹಬ್ಬಕ್ಕೆ ಬಂದಾಗಿನ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. ಅಯಸ್ಕಾಂತಕ್ಕೆ ಸ್ಪಂದಿಸುವ ಮೆಂಬ್ರೇನ್ ಮೇಲೆ ನನ್ನ ಕೆಲಸ. ಮೆಂಬ್ರೇನ್ ಅಂದರೆ ತೆಳುವಾದ ಪೊರೆ. ನೀರನ್ನು ದಾಟಲು ಬಿಡುತ್ತದೆ, ಉಪ್ಪನ್ನೋ ಕೊಳೆಯನ್ನೋ ತಡೆಯುತ್ತದೆ. ನಮ್ಮೂರ ಶುದ್ಧ ಕುಡಿಯುವ ನೀರಿನ ಘಟಕದೊಳಗೆ ಇರುವುದು ಅದೇ. ಡಯಾಲಿಸಿಸ್ ಮಷೀನಿಗೆ ಸಿಕ್ಕಿಸುವ ಉದ್ದನೆಯ ಕೊಳವೆಯೊಳಗೆ ಇರುವುದೂ ಅದೇ ಜಾತಿಯ ವಸ್ತು.

ಮೊದಲ ಥ್ಯಾಂಕ್ಸ್ ಆ ಘಟಕ ನೋಡಿಕೊಳ್ಳುವ ಮಾವನಿಗೆ. ಸಂಬಂಧದಲ್ಲಿ ಮಾವ ಅಲ್ಲ, ಊರ ವರಸೆಯಲ್ಲಿ ಮಾವ. ನಮ್ಮದು ಪಾವಗಡದ ಕಡೆಯ ಹಳ್ಳಿ. ನಮ್ಮ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಅನ್ನೋದು ಮಕ್ಕಳಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೂ ಮೂಳೆಗೂ ಏನಾಗುತ್ತದೆ ಅನ್ನೋದನ್ನ ನಮ್ಮ ಅಜ್ಜಿಯರ ಕಾಲು ನೋಡಿ ತಿಳಿದುಕೊಂಡವರು ನಾವು. 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಆ ಘಟಕ ನಮಗೆ ಎಷ್ಟು ಮುಖ್ಯ ಅಂತ ಹೊರಗಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ.

ಮಾವ ಬದಲಾಯಿಸಿ ಮೂಲೆಗಿಟ್ಟಿದ್ದ ಹಳೇ ಮೆಂಬ್ರೇನನ್ನು ನನಗೆ ಕೊಟ್ಟರು. 4 ಇಂಚು ದಪ್ಪ, 40 ಇಂಚು ಉದ್ದದ ಉರುಳೆ. ಘಟಕದ ಹಿಂದೆ ಗೋಣಿಚೀಲ ಹಾಸಿ, ಹ್ಯಾಕ್ಸಾ ಬ್ಲೇಡಿನಿಂದ ಹೊರಗಿನ ಫೈಬರ್ ಕವಚ ಕೊಯ್ದು, ಒಂದೊಂದೇ ಹಾಳೆ ಬಿಡಿಸಿದೆವು. ನೀರು ಒಳಗೆ ನುಗ್ಗುವ ತುದಿಯಲ್ಲಿ ಕಂದು ಲೋಳೆ, ಬೆರಳಿಟ್ಟರೆ ಜಾರುತ್ತಿತ್ತು. ಉಪ್ಪೆಲ್ಲ ದಟ್ಟವಾಗಿ ರಿಜೆಕ್ಟ್ ನೀರು ಹೊರಬೀಳುವ ಇನ್ನೊಂದು ತುದಿಯಲ್ಲಿ ಬಿಳಿ ಸುಣ್ಣ. ಉಗುರಲ್ಲಿ ಕೆರೆದರೆ ಗರಗರ ಅಂತ ಉದುರುತ್ತಿತ್ತು. ಮಾವ ಹೇಳಿದರು: ‘ನೋಡಮ್ಮ, ಮೆಂಬ್ರೇನು ಚೆನ್ನಾಗೇ ಐತೆ. ಮೇಲೆ ಕೂತಿರೋದೇ ಇದನ್ನ ಕೊಂದಿರೋದು.’ ನನ್ನ ಪ್ರಬಂಧದ ಮೊದಲ ಅಧ್ಯಾಯ ಇಡೀ ಹೇಳುವುದು ಈ ಮಾತನ್ನೇ.

ಇದು ಹೀಗೆ ಆಗುತ್ತದೆ. ಪೊರೆ ತಡೆದ ಉಪ್ಪು ತಕ್ಷಣ ದೂರ ಹೋಗುವುದಿಲ್ಲ. ಪೊರೆಯ ಮೈಗೆ ತಾಗಿದ ನೀರಿನಲ್ಲೇ ಸೇರುತ್ತಾ ದಟ್ಟವಾಗುತ್ತದೆ. ದಟ್ಟವಾದಷ್ಟೂ ನೀರು ದಾಟುವುದು ಕಷ್ಟ. ಸ್ವಲ್ಪ ಉಪ್ಪೂ ನುಸುಳುತ್ತದೆ, ಸುಣ್ಣ ಕೂರಲು ಶುರುವಾಗುತ್ತದೆ. ಪಂಪಿನಿಂದ ನೀರನ್ನು ಜೋರಾಗಿ ಹರಿಸಬಹುದು, ಆದರೆ ಪೊರೆಗೆ ತೀರಾ ಹತ್ತಿರದ ಆ ತೆಳು ಪದರ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಕರೆಂಟು ಮಾತ್ರ ಜಾಸ್ತಿ ಹೋಗುತ್ತದೆ. ಹಾಗಾದರೆ ಪೊರೆಯ ಮೈಮೇಲೇ ಏನಾದರೂ ಅಲುಗಿದರೆ ಹೇಗೆ?

ಈ ಯೋಚನೆ ನನ್ನದಲ್ಲ. ಅಮೆರಿಕದ ಹೀತ್ ಹಿಮ್‌ಸ್ಟೆಡ್, ರನಿಲ್ ವಿಕ್ರಮಸಿಂಘೆ, ಜರ್ಮನಿಯ ಮಥಿಯಾಸ್ ಉಲ್ಬ್ರಿಕ್ಟ್ ಮತ್ತು ಅವರ ಜೊತೆಗಾರರು 2011ರಲ್ಲಿ ಇದನ್ನು ಮಾಡಿ ತೋರಿಸಿದರು. ನ್ಯಾನೋಫಿಲ್ಟರ್ ಪೊರೆಯ ಮೇಲೆ ಪಾಲಿಮರ್ ಎಳೆಗಳನ್ನು ಬೆಳೆಸಿ, ಎಳೆಗಳ ತುದಿಗೆ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಸೆಳೆಯುವ ಕಬ್ಬಿಣದ ಆಕ್ಸೈಡ್ ಕಣ ಅಂಟಿಸಿದರು. ಹೊರಗಿನಿಂದ ಅಯಸ್ಕಾಂತ ಕ್ಷೇತ್ರವನ್ನು ಅತ್ತಿತ್ತ ತಿರುಗಿಸಿದಾಗ ಎಳೆಗಳು, ತೆನೆ ತುಂಬಿದ ರಾಗಿ ಪೈರು ಗಾಳಿಗೆ ಓಲಾಡುವ ಹಾಗೆ, ಓಲಾಡುತ್ತವೆ. ಪೊರೆಗೆ ತಾಗಿದ ನೀರು ಅಲ್ಲೇ ಕಲಕಿಹೋಗುತ್ತದೆ. ನೀರೂ ಜಾಸ್ತಿ ದಾಟಿತು, ಉಪ್ಪೂ ಜಾಸ್ತಿ ತಡೆಯಿತು. ಸಾಮಾನ್ಯವಾಗಿ ಪೊರೆಯಲ್ಲಿ ಒಂದು ಬೇಕೆಂದರೆ ಇನ್ನೊಂದನ್ನು ಬಿಡಬೇಕು. ಎರಡೂ ಒಟ್ಟಿಗೆ ಸಿಕ್ಕಿದ್ದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಇವರ ಮುಖ ನೋಡಿಲ್ಲ. ಆದರೂ ನನ್ನ ಕೆಲಸ ನಿಂತಿರುವುದು ಇವರು ಹಾಕಿದ ಅಡಿಪಾಯದ ಮೇಲೆ. ಇನ್ನೂ ಹಿಂದೆ ಹೋದರೆ, 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಬ್ ಜೊತೆ ಸೇರಿ ಉಪ್ಪುನೀರನ್ನು ಸಿಹಿ ಮಾಡುವ ಉಪಯುಕ್ತ ಪೊರೆಯನ್ನು ಮೊದಲ ಸಲ ಮಾಡಿದ, ನಮ್ಮ ದೇಶದಿಂದ ಹೋದ ಶ್ರೀನಿವಾಸ ಸೌರಿರಾಜನ್ ಇದ್ದಾರೆ. ಕ್ಯಾನ್ ತುಂಬಿಸಿಕೊಳ್ಳುವಾಗ ಆ ಹೆಸರನ್ನು ನಮ್ಮಲ್ಲಿ ಯಾರೂ ನೆನೆಯುವುದಿಲ್ಲ. ನೆನೆಯಬೇಕು ಅಂತ ನನ್ನ ಆಸೆ.

ಲ್ಯಾಬಿನ ವಿಷಯಕ್ಕೆ ಬರುತ್ತೇನೆ. ಎಳೆ ಬೆಳೆಸುವ ರಾಸಾಯನಿಕ ಕ್ರಿಯೆಗೆ ಗಾಳಿ ಸೋಕಬಾರದು. ತಾಮ್ರದ ವೇಗವರ್ಧಕ ಸೇರಿಸಿದ ದ್ರಾವಣ ಗಾಢ ಕಂದು ಬಣ್ಣಕ್ಕಿರುತ್ತದೆ. ಎಲ್ಲಾದರೂ ಸಣ್ಣ ಸಂದಿಯಲ್ಲಿ ಆಮ್ಲಜನಕ ನುಗ್ಗಿದರೆ ಹಸಿರಿಗೆ ತಿರುಗುತ್ತದೆ. ರಾತ್ರಿಯೆಲ್ಲ ನೈಟ್ರೋಜನ್ ಗುಳ್ಳೆ ಬಿಡುತ್ತಾ ಆ ಬಣ್ಣವನ್ನೇ ನೋಡುತ್ತಾ ಕೂರಬೇಕು. ನನ್ನ ಜೊತೆ ಸರದಿಯಲ್ಲಿ ಕೂತ ಇಬ್ಬರು ಗೆಳತಿಯರು ತಮ್ಮ ಸ್ವಂತ ಕೆಲಸ ಬಿಟ್ಟು ಬಂದವರು. ಒಬ್ಬಳಿಗೆ ಮಾರನೇ ದಿನ ಪರೀಕ್ಷೆ ಇತ್ತು. ‘ನೀನು ಮಲ್ಕೋ, ನಾನು ನೋಡ್ತೀನಿ’ ಅಂದಳು. ಅದನ್ನು ಮರೆಯಲು ಆಗುತ್ತಾ?

ಮ್ಯಾಗ್ನಟೈಟ್ ಕಣ ಮಾಡಲು ಕಲಿಸಿದ್ದು ನಮ್ಮ ಲ್ಯಾಬಿನ ಹಿರಿಯ ಸಹಾಯಕರು. ಕಬ್ಬಿಣದ ಎರಡು ಬಗೆಯ ಲವಣಗಳನ್ನು 1:2 ಪ್ರಮಾಣದಲ್ಲಿ ಕರಗಿಸಿ ಅಮೋನಿಯಾ ಹಾಕಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಬಾಟಲಿಗೆ ಹೊರಗಿನಿಂದ ಅಯಸ್ಕಾಂತ ಹಿಡಿದರೆ ಕಪ್ಪೆಲ್ಲ ಒಂದೇ ಗೋಡೆಗೆ ಬಂದು ನಿಲ್ಲುತ್ತದೆ, ನೀರು ತಿಳಿಯಾಗುತ್ತದೆ. ಅಯಸ್ಕಾಂತ ತೆಗೆದು ಅಲುಗಿಸಿದರೆ ಮತ್ತೆ ಹರಡಿಕೊಳ್ಳುತ್ತದೆ. ಕಣ 20 ನ್ಯಾನೋಮೀಟರಿಗಿಂತ ಚಿಕ್ಕದಾಗಿದ್ದರೆ ಕ್ಷೇತ್ರ ತೆಗೆದ ಕೂಡಲೇ ತನ್ನ ಅಯಸ್ಕಾಂತತನ ಬಿಟ್ಟುಬಿಡುತ್ತದೆ. ಹಾಗೆ ಬಿಡದಿದ್ದರೆ ಒಂದಕ್ಕೊಂದು ಅಂಟಿ ಗಂಟಾಗುತ್ತಿತ್ತು, ಎಳೆಗಳು ಓಲಾಡುವ ಮಾತೇ ಇರುತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅರ್ಥವಾಯಿತು. ಎಷ್ಟು ಹನಿ, ಎಷ್ಟು ವೇಗ, ಎಷ್ಟು ಸಲ ತೊಳೆಯಬೇಕು, ಎಲ್ಲ ಅವರ ಕೈಗೆ ಗೊತ್ತಿತ್ತು.

ಈಗ ಕಾಯಿಲ್ ಅಣ್ಣ. ನಮಗೆ ಬೇಕಿದ್ದ ಎಲೆಕ್ಟ್ರೋಮ್ಯಾಗ್ನೆಟ್, ಅಂದರೆ ಕರೆಂಟು ಹರಿದಾಗ ಅಯಸ್ಕಾಂತವಾಗುವ ಕಾಯಿಲ್, ಹೊರಗಿನಿಂದ ತರಿಸಲು ದುಡ್ಡಿರಲಿಲ್ಲ. ಫೆಲೋಶಿಪ್ ಬರುವುದೂ ಆ ವರ್ಷ ತುಂಬಾ ತಡವಾಗಿತ್ತು. ಊರಿಗೆ ಹೋದಾಗ ತಮ್ಮ ಹೇಳಿದ, ‘ಪಂಪ್‌ಸೆಟ್ ಮೋಟಾರ್ ಕಟ್ಟೋರು ಇದಾರಲ್ಲ, ಕೇಳಿ ನೋಡು.’ ಬಸ್‌ಸ್ಟ್ಯಾಂಡ್ ಪಕ್ಕದ ರಿವೈಂಡಿಂಗ್ ಅಂಗಡಿಗೆ ನನ್ನ ಡ್ರಾಯಿಂಗ್ ತೆಗೆದುಕೊಂಡು ಹೋದೆ. ಸುಟ್ಟ ಮೋಟಾರುಗಳ ರಾಶಿ, ವಾರ್ನಿಶ್ ವಾಸನೆ. ಅಣ್ಣ ಡ್ರಾಯಿಂಗನ್ನು ಒಂದು ನಿಮಿಷ ನೋಡಿ ಕೇಳಿದ ಮೊದಲ ಪ್ರಶ್ನೆ: ‘ಕರೆಂಟು 50 ಸೈಕಲ್ಲೇ ಕೊಡ್ತೀರೋ, ಕಮ್ಮಿ ಮಾಡ್ತೀರೋ?’ ಎಳೆಗಳು ಓಲಾಡಲು ಸಮಯ ಬೇಕು, ಹಾಗಾಗಿ ನಮಗೆ ಸೆಕೆಂಡಿಗೆ ಹತ್ತಿಪ್ಪತ್ತು ಸಲ ದಿಕ್ಕು ಬದಲಾದರೆ ಸಾಕಿತ್ತು. ಅದಕ್ಕೆ ಬೇರೆ ಪವರ್ ಸಪ್ಲೈ ಇದೆ ಅಂದೆ. ‘ಹಂಗಾದ್ರೆ ಕಾಯಿಲ್ ಬಿಸಿ ಆಗ್ತದೆ, ಗಾಳಿ ಆಡೋಕೆ ಜಾಗ ಬಿಡಬೇಕು’ ಅಂದರು.

ಹಳೇ ಟ್ರಾನ್ಸ್‌ಫಾರ್ಮರಿನ ಸ್ಟ್ಯಾಂಪಿಂಗ್ ತಗಡುಗಳನ್ನು ಜೋಡಿಸಿ ಕೋರ್ ಮಾಡಿದರು. ಎನಾಮಲ್ ತಂತಿಯನ್ನು ಕೈಯಲ್ಲೇ ಬಿಗಿ ಹಿಡಿದು, ಸುತ್ತು ಎಣಿಸುತ್ತಾ ಸುತ್ತಿದರು. ಮೋಟಾರಿನ ಸ್ಲಾಟಿಗೆ ತುರುಕುವ ಬಿದಿರು ಕಡ್ಡಿಗಳನ್ನೇ ಸೀಳಿ, ಪ್ರತಿ ಪದರದ ನಡುವೆ ಇಟ್ಟು ಗಾಳಿಗೆ ದಾರಿ ಮಾಡಿಕೊಟ್ಟರು. ಒಂದು ಚಿಕ್ಕ ಫ್ಯಾನ್ ಎದುರಿಗಿಟ್ಟರೆ ಸಾಕಾಯಿತು. ಕೂಲಿ ಕೇಳಿದರೆ ತಂತಿಯ ದುಡ್ಡಷ್ಟೇ ತೆಗೆದುಕೊಂಡರು. ಅವತ್ತು ಬೋರ್‌ವೆಲ್ ಮೋಟಾರ್ ಸುಟ್ಟು ಅವಸರದಲ್ಲಿ ಬಂದಿದ್ದ ರೈತರೊಬ್ಬರು ಬೆಂಚಿನ ಮೇಲೆ ಕಾದು ಕೂತಿದ್ದರು. ಅವರ ಬೆಳೆ ಒಣಗುತ್ತಿತ್ತು. ಆದರೂ ‘ಓದೋ ಹುಡುಗಿ, ಮೊದಲು ಮಾಡ್ಕೊಡಿ’ ಅಂದರು. ಅವರು ಯಾವ ಊರಿನವರೋ ನನಗೆ ಗೊತ್ತಿಲ್ಲ. ಅವರಿಗೂ ನಾನು ಋಣಿ.

ಪೊರೆ ಕೂರಿಸುವ ಪೆಟ್ಟಿಗೆಯನ್ನು ಮಾಡಿದ್ದು ನಮ್ಮ ವರ್ಕ್‌ಶಾಪಿನ ಮೇಸ್ತ್ರಿ. ಕಬ್ಬಿಣದ ಸ್ಕ್ರೂ ಹಾಕಿದರೆ ಕ್ಷೇತ್ರ ಅತ್ತ ಎಳೆದುಕೊಳ್ಳುತ್ತದೆ ಅಂತ ದಪ್ಪ ಅಕ್ರಿಲಿಕ್ ಹಲಗೆಗೆ ಹಿತ್ತಾಳೆ ಸ್ಕ್ರೂ ಹಾಕಿ, ಒಂದು ಹನಿ ಸೋರದ ಹಾಗೆ ಮಾಡಿಕೊಟ್ಟರು.

ನನ್ನ ಗೈಡ್ ಬಗ್ಗೆ ಎಷ್ಟು ಬರೆದರೂ ಕಡಿಮೆ. ಕಾಯಿಲ್ ಹಾಕಿದಾಗ ಹರಿವು ಚೆನ್ನಾಗಿರುವುದನ್ನು ನೋಡಿ ನಾವೆಲ್ಲ ಕುಣಿದಾಡುತ್ತಿದ್ದಾಗ ಮೇಡಂ ಕೇಳಿದ್ದು, ‘ನೀರು ಬಿಸಿ ಆಗಿದ್ಯಾ ನೋಡಿದ್ರಾ?’ ನೀರು ಒಂದು ಡಿಗ್ರಿ ಬಿಸಿಯಾದರೆ ಇಂಥ ಪೊರೆಯಲ್ಲಿ ಹರಿವು ಶೇಕಡ 2ರಿಂದ 3ರಷ್ಟು ತಾನಾಗೇ ಏರುತ್ತದೆ. ಹಾಗಾಗಿ ಬರೀ ಪೊರೆಗೆ ಕ್ಷೇತ್ರ ಕೊಟ್ಟು ನೋಡಿ, ಎಳೆ ಇದ್ದು ಕಣ ಇಲ್ಲದ ಪೊರೆಗೆ ಕೊಟ್ಟು ನೋಡಿ, ನೀರಿನ ಉಷ್ಣತೆಯನ್ನು ಕಟ್ಟಿಹಾಕಿ ಮತ್ತೆ ನೋಡಿ ಅಂದರು. ಅದೆಲ್ಲ ಮುಗಿಯಲು ತಿಂಗಳುಗಳೇ ಹಿಡಿದವು. ಕಣ ಕಳಚಿಕೊಂಡು ಕುಡಿಯುವ ನೀರಿಗೆ ಸೇರುತ್ತದಾ ಅನ್ನುವುದನ್ನೂ ಬಿಡಲಿಲ್ಲ. ಕಬ್ಬಿಣ ಇದ್ದರೆ ಕಿತ್ತಳೆ ಬಣ್ಣ ಕೊಡುವ ಫಿನಾಂತ್ರೋಲಿನ್ ಅನ್ನು ದಾಟಿದ ನೀರಿಗೆ ಹಾಕಿ, ಆ ಬಣ್ಣ ಬರುತ್ತದಾ ಅಂತ ಪ್ರತಿ ಸಲ ಪರೀಕ್ಷಿಸಬೇಕಿತ್ತು. ವೈವಾದಲ್ಲಿ ಪರೀಕ್ಷಕರು ಮೊದಲು ಕೇಳಿದ್ದೇ ಬಿಸಿಯ ಪ್ರಶ್ನೆ. ನಾನು ಮೇಡಂ ಕಡೆ ನೋಡಿದೆ, ಅವರು ತಲೆ ತಗ್ಗಿಸಿ ನಗುತ್ತಿದ್ದರು.

ಇನ್ನೊಂದು ಜಾಗಕ್ಕೂ ಕೈ ಮುಗಿಯಬೇಕು. ನನ್ನ ಮೂರನೇ ವರ್ಷದಲ್ಲಿ ಅಪ್ಪನ ಎರಡೂ ಕಿಡ್ನಿ ಕೈಕೊಟ್ಟವು. ಆಗಿನಿಂದ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಹಗಲು ಲ್ಯಾಬಿನಲ್ಲಿ ಪೊರೆ, ರಜೆ ಹಾಕಿ ಬಂದರೆ ಅಪ್ಪನ ಹಾಸಿಗೆ ಪಕ್ಕದಲ್ಲೂ ಪೊರೆ. ಆ ಕೊಳವೆಯೊಳಗೆ ಸುಮಾರು 10,000 ಟೊಳ್ಳು ಎಳೆಗಳಿರುತ್ತವೆ. ಒಂದೊಂದರ ಒಳ ಅಗಲ ಮಿಲಿಮೀಟರಿನ ಐದನೇ ಒಂದು ಭಾಗ. ಅಲ್ಲೂ ರಕ್ತದ ಪ್ರೋಟೀನು ಒಳಮೈಗೆ ಅಂಟುತ್ತದೆ, ಕೆಲವು ಎಳೆ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ಅಲ್ಲಿನ ಟೆಕ್ನೀಷಿಯನ್ ಅಕ್ಕ ಒಂದು ದಿನ ಸಲೈನ್ ಹಾಯಿಸಿ ತೊಳೆದ ಮೇಲೆ ಕೊಳವೆಯನ್ನು ದೀಪಕ್ಕೆ ಹಿಡಿದು ತೋರಿಸಿದರು. ಬಿಳೀ ಎಳೆಗಳ ನಡುವೆ ಅಲ್ಲಲ್ಲಿ ಕೆಂಪು ಗೆರೆ. ಮತ್ತೆ ಬಳಸುವ ಮುಂಚೆ ಒಳಗೆ ಎಷ್ಟು ನೀರು ಹಿಡಿಯುತ್ತದೆ ಅಂತ ಅಳೆಯುತ್ತಾರೆ. ಹೊಸದರಲ್ಲಿ ಹಿಡಿಯುತ್ತಿದ್ದುದರ ಶೇಕಡ 80ಕ್ಕಿಂತ ಕಡಿಮೆಯಾದರೆ ಎಸೆಯುತ್ತಾರೆ. ಅಕ್ಕ ಅಳತೆಯಲ್ಲಿ ಒಂದು ದಿನವೂ ರಿಯಾಯಿತಿ ತೋರಿಸಲಿಲ್ಲ. ಅಪ್ಪ ಇವತ್ತು ನಮ್ಮ ಜೊತೆ ಕೂತು ಊಟ ಮಾಡುತ್ತಿದ್ದರೆ ಅದಕ್ಕೆ ಆ ಅಕ್ಕನೂ ಕಾರಣ. ಡಚ್ ವೈದ್ಯ ವಿಲೆಮ್ ಕೋಲ್ಫ್ 1943ರಲ್ಲಿ, ಯುದ್ಧದ ನಡುವೆ, ಸೆಲೋಫೇನ್ ಕೊಳವೆಯನ್ನು ಮರದ ಡ್ರಮ್ಮಿಗೆ ಸುತ್ತಿ, ಕೆಲಸಕ್ಕೆ ಬರುವಂಥ ಮೊದಲ ಡಯಾಲಿಸಿಸ್ ಮಷೀನು ಮಾಡಿದರು. ಮೊದಲ ರೋಗಿ ಬದುಕಿ ಉಳಿದಿದ್ದು 1945ರಲ್ಲಿ. ಅಪ್ಪನಿಗೆ ಈ ಕಥೆ ಹೇಳಿದ್ದೆ, ಮತ್ತೆ ಮತ್ತೆ ಹೇಳಿಸಿಕೊಂಡರು.

ಅಯಸ್ಕಾಂತದ ಪೊರೆ ಡಯಾಲಿಸಿಸ್‌ಗೆ ಬಂತಾ ಅಂತ ಅಪ್ಪ ಕೇಳುತ್ತಿರುತ್ತಾರೆ. ಬಂದಿಲ್ಲ. ಔಷಧ ಕೊಡುವ ಕಡೆ ದಾರಿ ಕಾಣುತ್ತಿದೆ. ಬೋಸ್ಟನ್ನಿನ ಡೇನಿಯಲ್ ಕೋಹೇನ್ ಮತ್ತು ಜೊತೆಗಾರರು 2009ರಲ್ಲಿ ಒಂದು ಪೊರೆ ಮಾಡಿದರು. ಅದರೊಳಗೆ ಮ್ಯಾಗ್ನಟೈಟ್ ಕಣ, ಜೊತೆಗೆ ಬಿಸಿಯಾದರೆ ಕುಗ್ಗುವ ಜೆಲ್. ಹೊರಗಿನಿಂದ ವೇಗವಾಗಿ ದಿಕ್ಕು ಬದಲಿಸುವ ಕ್ಷೇತ್ರ ಕೊಟ್ಟರೆ ಕಣ ಬಿಸಿಯಾಗುತ್ತದೆ, ಜೆಲ್ ಕುಗ್ಗಿ ದಾರಿ ತೆರೆಯುತ್ತದೆ, ಔಷಧ ಹೊರಬರುತ್ತದೆ. ಕ್ಷೇತ್ರ ನಿಲ್ಲಿಸಿದರೆ ದಾರಿ ಮುಚ್ಚುತ್ತದೆ. ಮೈಯೊಳಗೆ ಒಂದು ಸಲ ಇಟ್ಟು, ಬೇಕಾದಾಗ ಮಾತ್ರ ಹೊರಗಿನಿಂದ ತೆರೆಯುವ ಕನಸು ಅದು. ನಮ್ಮ ಕೆಲಸದಲ್ಲಿ ಬಿಸಿ ಶತ್ರು, ಅವರ ಕೆಲಸದಲ್ಲಿ ಬಿಸಿಯೇ ಕೀಲಿ. ಎರಡಕ್ಕೂ ಕಣ ಒಂದೇ.

ಅಮ್ಮನಿಗೆ, ತಮ್ಮನಿಗೆ ಏನು ಹೇಳಲಿ? ಆಸ್ಪತ್ರೆಗೆ ಅಪ್ಪನನ್ನು ಕರೆದುಕೊಂಡು ಹೋಗುವ ಪಾಳಿಯಲ್ಲಿ ನನ್ನ ಹೆಸರನ್ನು ತಮ್ಮ ಯಾವತ್ತೂ ಬರೆಯಲಿಲ್ಲ. ನಾನು ಬಿಟ್ಟು ಬರುತ್ತೇನೆ ಅಂದಾಗ ಅಮ್ಮ, ‘ಮುಗಿಸ್ಕೊಂಡೇ ಬಾ’ ಅಂದರು. ಮುಗಿಸಿಕೊಂಡು ಬಂದಿದ್ದೇನೆ ಅಮ್ಮ.

ನಮ್ಮ ಪೊರೆ ನಾಳೆಯೇ ಊರಿನ ಘಟಕಕ್ಕೆ ಬರುವುದಿಲ್ಲ. ಅಂಗೈಯಗಲದ ಪೊರೆಯಲ್ಲಿ ಆದದ್ದು 40 ಇಂಚಿನ ಉರುಳೆಯೊಳಗೆ ಆಗಬೇಕು. ಅದರ ಸುತ್ತ ಕಾಯಿಲ್ ಹಾಕಿದರೆ ತಿನ್ನುವ ಕರೆಂಟು, ಪಂಪಿನಲ್ಲಿ ಉಳಿಸಿದ್ದಕ್ಕಿಂತ ಕಡಿಮೆ ಇರಬೇಕು. ತಿಂಗಳುಗಟ್ಟಲೆ ನಿಜವಾದ ಬೋರ್ ನೀರು ಹರಿಸಿ ನೋಡಬೇಕು. ಅದಕ್ಕೆ ಬೇಕಾದ ನೀರನ್ನು ತಾನೇ ಕ್ಯಾನಿನಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತೇನೆ ಅಂತ ಮಾವ ಆಗಲೇ ಮಾತು ಕೊಟ್ಟಿದ್ದಾರೆ. ಲ್ಯಾಬಿನ ಕಿರಿಯರೇ, ಕಾಯಿಲ್ ಕೆಳಗಿನ ಬೆಂಚಿನಲ್ಲಿದೆ, ಡ್ರಾಯಿಂಗ್ ಪಕ್ಕದ ಡ್ರಾಯರಿನಲ್ಲಿದೆ, ಹಿತ್ತಾಳೆ ಸ್ಕ್ರೂಗಳು ಹಳದಿ ಡಬ್ಬಿಯಲ್ಲಿವೆ. ಏನೇ ಬೇಕಿದ್ದರೂ ಯಾವ ಹೊತ್ತಿಗಾದರೂ ಫೋನ್ ಮಾಡಿ.